ಆಫ್ರಿಕಾ ಅಚಿಬೆಗೇ ನಿಂತಿಲ್ಲ: ಕನ್ನಡದ ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಕನ್ನಡದ ಪ್ರಕಾಶಕರಿಗೆ, ಅನುವಾದ ಯೋಜನೆಗಳ ಪಟ್ಟಿ ಮಾಡುವ ಸಮಿತಿಗಳ ಎಲ್ಲ ಸದಸ್ಯರಿಗೆ,

ನಮಸ್ಕಾರ.

ನನ್ನದೊಂದು ಬೇಡಿಕೆ ಇದೆ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಆಫ್ರಿಕಾದ ಈಗಿನ ತಲೆಮಾರಿನ ಕಾದಂಬರಿಗಳನ್ನು ಕನ್ನಡದ ಓದುಗರ ಕೈಗೆ ತಲುಪಿಸಿ. ಅದರಲ್ಲೂ ದೇವರ ಜೊತೆ, ಮನೆಯವರ ಜೊತೆ, ಬಿಟ್ಟು ಬಂದ ಊರಿನ ಜೊತೆ ಗುದ್ದಾಡುತ್ತಾ ಬರೆದವರನ್ನು ಮೊದಲು ತನ್ನಿ.

ನಾನು ಪದವಿ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವಳು. ನಮ್ಮ ಮಕ್ಕಳಿಗೆ ಆಫ್ರಿಕಾದ ಲೇಖಕರ ಹೆಸರು ಹೇಳಿ ಅಂದರೆ ಮೂರು ಹೆಸರು ಬರುತ್ತವೆ. ಚಿನುವಾ ಅಚಿಬೆ, ಗೂಗಿ ವಾ ಥಿಯಾಂಗೊ, ವೊಲೆ ಶೋಯಿಂಕಾ. ಅಲ್ಲಿಗೆ ಮುಗಿಯಿತು. ಮಕ್ಕಳನ್ನು ದೂರಿ ಪ್ರಯೋಜನ ಇಲ್ಲ. ನಮ್ಮ ಪಠ್ಯ, ನಮ್ಮ ವಿಮರ್ಶೆ, ನಮ್ಮ ವಿಚಾರ ಸಂಕಿರಣಗಳು ಎಲ್ಲವೂ ಆ ಮೂರು ಹೆಸರುಗಳ ಸುತ್ತಲೇ ಓಡಾಡಿಕೊಂಡಿವೆ.

ಆ ಮೂವರೂ ನಮಗೆ ತುಂಬಾ ಕೊಟ್ಟಿದ್ದಾರೆ. ಅಚಿಬೆಯನ್ನು ಕನ್ನಡದವರು ತಮ್ಮವನೇ ಅನ್ನುವಷ್ಟು ಹಚ್ಚಿಕೊಂಡು ಓದಿದರು. ಗೂಗಿ ಇಂಗ್ಲಿಷ್ ಬಿಟ್ಟು ಗಿಕುಯು ಭಾಷೆಗೆ ಮರಳಿದ್ದು, ಜೈಲಿನಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಕಾದಂಬರಿ ಬರೆದದ್ದು ನಮ್ಮ ಭಾಷಾ ಚರ್ಚೆಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. 2025ರ ಮೇ 28ರಂದು ಅವರು ತೀರಿಕೊಂಡಾಗ ನಮ್ಮ ಮನೆಯ ಹಿರಿಯರೇ ಹೋದರೇನೋ ಅನ್ನಿಸಿತು. ಆದರೆ ಇವರನ್ನೆಲ್ಲ ನಾವು ಓದಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಬಿಳಿಯರು ಬಂದು ಏನು ಮಾಡಿದರು? ಒಳ್ಳೆಯ ಪ್ರಶ್ನೆ. ಇವತ್ತಿಗೂ ಬೇಕಾದ ಪ್ರಶ್ನೆ. ಆದರೆ ಆ ಬಿಳಿಯರು ಬಿಟ್ಟುಹೋದ ದೇವರು ಇವತ್ತು ಅಲ್ಲಿನ ಮನೆಮನೆಯ ದೇವರಾಗಿದ್ದಾನೆ. ಅವರಿಗಿಂತ ನೂರಾರು ವರ್ಷ ಮೊದಲೇ ಬಂದ ಇಸ್ಲಾಂ ಅಲ್ಲಿನ ಮಣ್ಣಿನದೇ ಆಗಿದೆ. ಅದಕ್ಕೂ ಹಳೆಯ ದೈವಗಳು ಇನ್ನೂ ಉಸಿರಾಡುತ್ತಿವೆ. ಇದೆಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡು ಬದುಕುವವರ ಕಥೆಯನ್ನು ಬರೆಯುತ್ತಿರುವವರು ಮುಂದಿನ ತಲೆಮಾರಿನವರು.

ಚಿಮಮಾಂಡ ಅಡೀಚಿಯಿಂದ ಶುರು ಮಾಡುತ್ತೇನೆ. ಆಕೆ ಬೆಳೆದದ್ದು ನೈಜೀರಿಯಾದ ಎನ್ಸುಕ್ಕಾದಲ್ಲಿ, ಹಿಂದೆ ಅಚಿಬೆಯ ಕುಟುಂಬ ಇದ್ದ ಮನೆಯಲ್ಲೇ. 2003ರಲ್ಲಿ ಬಂದ ಆಕೆಯ ಮೊದಲ ಕಾದಂಬರಿ 'ಪರ್ಪಲ್ ಹೈಬಿಸ್ಕಸ್' ಶುರುವಾಗುವುದೇ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಶೀರ್ಷಿಕೆಯನ್ನು ನೆನಪಿಸುವ ಮಾತಿನಿಂದ. ಅಚಿಬೆಯ ಕಾದಂಬರಿ ಬಂದಿದ್ದು 1958ರಲ್ಲಿ. ಅಲ್ಲಿ ಪಾದ್ರಿ ಹೊರಗಿನಿಂದ ಬರುತ್ತಾನೆ, ಊರು ಒಡೆಯುತ್ತದೆ. 45 ವರ್ಷ ಕಳೆದ ಮೇಲೆ ಅಡೀಚಿ ಬರೆಯುವಾಗ ಆ ಧರ್ಮ ಊಟದ ಮೇಜಿನ ತಲೆಯಲ್ಲಿ ಕೂತಿದೆ. ಅಪ್ಪ ಯೂಜೀನ್‌ನ ರೂಪದಲ್ಲಿ.

ಈ ಯೂಜೀನ್ ಸುಮ್ನೆ ಒಬ್ಬ ಕೆಟ್ಟ ಮನುಷ್ಯ ಆಗಿದ್ದರೆ ಕಾದಂಬರಿ ಇಷ್ಟು ಕಾಡುತ್ತಿರಲಿಲ್ಲ. ಮಿಲಿಟರಿ ಸರ್ಕಾರವನ್ನು ಎದುರು ಹಾಕಿಕೊಂಡು ಪತ್ರಿಕೆ ನಡೆಸುವವನು ಅವನು. ಬಡವರಿಗೆ ಕೈಬಿಚ್ಚಿ ಕೊಡುವವನು. ಚರ್ಚಿನಲ್ಲಿ ಎಲ್ಲರೂ ಹೊಗಳುವವನು. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಹೊಡೆಯುವವನು. ಹಳೆಯ ದೈವಗಳನ್ನು ಬಿಡದ ತನ್ನ ಸ್ವಂತ ಅಪ್ಪನನ್ನು ಅವನು ಮನೆಗೆ ಸೇರಿಸುವುದಿಲ್ಲ. ಮಕ್ಕಳು ಅಜ್ಜನನ್ನು ನೋಡಲು ಹೋದರೆ 15 ನಿಮಿಷ ಮಾತ್ರ. ಅಲ್ಲಿ ಏನೂ ತಿನ್ನಬಾರದು, ಕುಡಿಯಬಾರದು.

ಈ ಪುಸ್ತಕದ ಒಂದು ಬೆಳಗಿನ ಜಾವವನ್ನು ನಿಮಗೆ ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಮಗಳು ಕಂಬಿಲಿ ಅತ್ತೆಯ ಮನೆಯಲ್ಲಿದ್ದಾಳೆ. ಅತ್ತೆ ಇಫೆಯೋಮಾ ಅವಳನ್ನು ಎಬ್ಬಿಸಿ ವರಾಂಡದ ಕಡೆ ನೋಡು ಅನ್ನುತ್ತಾಳೆ. ಅಜ್ಜ ಗಿಡ್ಡ ಮಣೆಯ ಮೇಲೆ ಕೂತಿದ್ದಾನೆ. ನೆಲದ ಮೇಲೆ ಬಿಳಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಾನೆ. ತನ್ನ ಪೂರ್ವಿಕರ ಜೊತೆ, ದೇವರ ಜೊತೆ ಮಾತಾಡುತ್ತಿದ್ದಾನೆ. ನಾನು ಯಾರಿಗೂ ಕೇಡು ಮಾಡಿಲ್ಲ ಅಂತ ಒಪ್ಪಿಸುತ್ತಿದ್ದಾನೆ. ಮಗಳಿಗೆ ಒಳ್ಳೆಯದಾಗಲಿ ಅನ್ನುತ್ತಾನೆ. ತನ್ನನ್ನು ಹೊಸಿಲು ತುಳಿಯಲು ಬಿಡದ ಆ ಮಗನಿಗೂ ಒಳ್ಳೆಯದಾಗಲಿ ಅನ್ನುತ್ತಾನೆ. ಪ್ರಾರ್ಥನೆ ಮುಗಿದಾಗ ಅವನ ಮುಖದಲ್ಲಿ ನಗು ಇರುತ್ತದೆ. ಕಂಬಿಲಿಗೆ ಆಗ ಹೊಳೆಯುತ್ತದೆ: ನಮ್ಮ ಮನೆಯಲ್ಲಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಯಾರೂ ನಗುವುದಿಲ್ಲ.

ಅಷ್ಟೇ. ಭಾಷಣ ಇಲ್ಲ, ವಾದ ಇಲ್ಲ. ಆಮೇಲೆ ಆ ಅಜ್ಜನಿದ್ದ ಮನೆಯಲ್ಲಿ ತಂಗಿದ್ದಕ್ಕೆ ಅಪ್ಪ ಮಗಳನ್ನು ಬಚ್ಚಲಿನ ತೊಟ್ಟಿಯಲ್ಲಿ ನಿಲ್ಲಿಸಿ ಕಾಲಿನ ಮೇಲೆ ಕುದಿಯುವ ನೀರು ಹುಯ್ಯುತ್ತಾನೆ. ಹುಯ್ಯುವಾಗ ಅವನೂ ಅಳುತ್ತಿರುತ್ತಾನೆ. ಈ ಎರಡು ಪುಟಗಳನ್ನು ಕನ್ನಡದಲ್ಲಿ ಓದಬೇಕು ಅಂತ ನನಗೆ ಎಷ್ಟು ಆಸೆ ಅನ್ನೋದನ್ನ ಹೇಗೆ ಹೇಳಲಿ. ದೇವರ ಹೆಸರಿನಲ್ಲಿ ಮಕ್ಕಳನ್ನು ಶುದ್ಧ ಮಾಡಲು ಹೊರಟ ಅಪ್ಪಂದಿರು ಎಲ್ಲ ಧರ್ಮದಲ್ಲೂ ಇದ್ದಾರೆ. ಎಲ್ಲ ಊರಲ್ಲೂ ಇದ್ದಾರೆ.

ಅದೇ ಕಾದಂಬರಿಯಲ್ಲಿ ಅಮಾಕಾ ಅಂತ ಒಬ್ಬ ಹುಡುಗಿ ಬರುತ್ತಾಳೆ. ಚರ್ಚಿನಲ್ಲಿ ದೃಢೀಕರಣದ ಸಂಸ್ಕಾರಕ್ಕೆ ಇಂಗ್ಲಿಷ್ ಹೆಸರು ಇಟ್ಟುಕೊಳ್ಳಬೇಕು ಅಂತಾರೆ. ಅವಳು ಒಪ್ಪುವುದಿಲ್ಲ. ದೇವರಿಗೆ ನನ್ನ ಇಗ್ಬೊ ಭಾಷೆಯ ಹೆಸರು ಯಾಕೆ ಸಾಲದು ಅನ್ನುವುದು ಅವಳ ಹಟ. ಅವಳು ನಂಬಿಕೆಯನ್ನು ಬಿಟ್ಟವಳಲ್ಲ. ಹೆಸರನ್ನೂ ಬಿಡುವುದಿಲ್ಲ. ಎರಡನ್ನೂ ಇಟ್ಟುಕೊಳ್ಳುತ್ತೇನೆ ಅನ್ನುವ ಈ ಹಟವೇ ನನಗೆ ಈ ತಲೆಮಾರಿನ ಲೇಖಕರಲ್ಲಿ ಮತ್ತೆ ಮತ್ತೆ ಕಾಣುವುದು.

ಈಗ ಲೈಲಾ ಅಬುಲೇಲಾ. ನಿಮ್ಮ ಪಟ್ಟಿಯಲ್ಲಿ ಒಂದೇ ಹೆಸರಿಗೆ ಜಾಗ ಇದ್ದರೆ ಈ ಹೆಸರು ಬರೆದುಕೊಳ್ಳಿ. 1964ರಲ್ಲಿ ಕೈರೋದಲ್ಲಿ ಹುಟ್ಟಿದವರು, ಬೆಳೆದದ್ದು ಸುಡಾನಿನ ಖಾರ್ಟೂಮಿನಲ್ಲಿ. 1990ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋದರು. ಆ ಚಳಿಯಲ್ಲಿ, ಆ ಒಂಟಿತನದಲ್ಲಿ ಬರೆಯಲು ಶುರು ಮಾಡಿದರು. ಆಫ್ರಿಕಾದ ಸಣ್ಣಕಥೆಗಳಿಗೆ ಕೊಡುವ ಕೇನ್ ಪ್ರಶಸ್ತಿ 2000ದಲ್ಲಿ ಮೊದಲ ಬಾರಿಗೆ ಸಂದದ್ದು ಅವರಿಗೆ. 2025ರಲ್ಲಿ ಪೆನ್ ಪಿಂಟರ್ ಪ್ರಶಸ್ತಿ ಬಂತು. ಅದೇ ವರ್ಷ ನಮ್ಮ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬುಕರ್ ಗೆದ್ದವು. ಮುಸ್ಲಿಂ ಹೆಣ್ಣುಮಕ್ಕಳ ಒಳಮನೆಯ ಕಥೆ ಹಾಸನದಿಂದ ಹೊರಟು ಲಂಡನ್ ತಲುಪಿದ ವರ್ಷ ಅದು. ಖಾರ್ಟೂಮಿನಿಂದ ಹೊರಟ ಅಂಥದೇ ಕಥೆಗಳು ಹಾಸನಕ್ಕೂ ಬರಬೇಕು, ಅಲ್ವಾ?

ಅಬುಲೇಲಾ ಅವರ 'ಮಿನರೆಟ್' 2005ರಲ್ಲಿ ಬಂತು. ನಜ್ವಾ ಖಾರ್ಟೂಮಿನ ಶ್ರೀಮಂತ ಮನೆಯ ಹುಡುಗಿ. ಅಪ್ಪ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಕ್ಲಬ್ಬು, ಡಿಸ್ಕೊ, ಗಿಡ್ಡ ಲಂಗ, ವಿಶ್ವವಿದ್ಯಾಲಯದಲ್ಲಿ ಅನ್ವರ್ ಅನ್ನುವ ಕಮ್ಯುನಿಸ್ಟ್ ಗೆಳೆಯ. ಒಂದು ರಾತ್ರಿ ಪಾರ್ಟಿ ಮುಗಿಸಿ ಮನೆಗೆ ಬರುವಾಗ ಬೆಳಗಿನ ಆಜಾನ್ ಕೇಳಿಸುತ್ತದೆ. ಅದು ಅವಳೊಳಗೆ ಯಾವುದೋ ಖಾಲಿ ಜಾಗವನ್ನು ತಟ್ಟುತ್ತದೆ. ಅವಳು ಏನೂ ಮಾಡುವುದಿಲ್ಲ. ಹೋಗಿ ಮಲಗುತ್ತಾಳೆ. 1985ರಲ್ಲಿ ಅಧಿಕಾರ ಕೈ ಬದಲಾಗುತ್ತದೆ, ಅಪ್ಪನನ್ನು ಗಲ್ಲಿಗೆ ಹಾಕುತ್ತಾರೆ. ಅಮ್ಮ, ಮಗಳು, ಮಗ ಲಂಡನ್ನಿಗೆ ಓಡಿಬರುತ್ತಾರೆ. ಅಮ್ಮ ತೀರಿಕೊಳ್ಳುತ್ತಾಳೆ. ನಜ್ವಾಳ ಅವಳಿ ಸೋದರ ಮಾದಕ ವಸ್ತುವಿನ ಹಿಂದೆ ಹೋಗಿ ಜೈಲು ಸೇರುತ್ತಾನೆ. ಮನೆಯಲ್ಲಿ ಕೆಲಸದವರನ್ನು ಇಟ್ಟುಕೊಂಡಿದ್ದ ಹುಡುಗಿ ಈಗ ಬೇರೆಯವರ ಮನೆಯಲ್ಲಿ ಕೆಲಸದವಳು.

ಇಲ್ಲಿಯವರೆಗೆ ಇದು ನಾವು ಬೇರೆ ಕಡೆಯೂ ಓದಿರಬಹುದಾದ ಕಥೆ. ಮುಂದಿನದು ನಾವು ಓದಿರದ ಕಥೆ. ನಜ್ವಾ ರೀಜೆಂಟ್ಸ್ ಪಾರ್ಕಿನ ಮಸೀದಿಗೆ ಹೋಗಲು ಶುರು ಮಾಡುತ್ತಾಳೆ. ಅಲ್ಲಿನ ಹೆಂಗಸರು ಅವಳ ಅಪ್ಪ ಯಾರು, ಅವನ ಮೇಲೆ ಏನು ಆರೋಪ ಇತ್ತು ಅಂತ ಕೆದಕುವುದಿಲ್ಲ. ಕನ್ನಡಿಯ ಮುಂದೆ ನಿಂತು ತಲೆಗೆ ಬಟ್ಟೆ ಸುತ್ತಿ ನೋಡಿಕೊಳ್ಳುತ್ತಾಳೆ. ಯಾರೂ ಅವಳಿಗೆ ಹಾಕು ಅಂದಿಲ್ಲ. ಗೆಳೆಯ ಅನ್ವರ್ ಬೇಡ ಅನ್ನುವ ಕಡೆಯವನು. ದೇಶ ಹೋಯಿತು, ಮನೆ ಹೋಯಿತು, ಅಂತಸ್ತು ಹೋಯಿತು. ಅವಳು ನಿಲ್ಲಲು ಜಾಗ ಹುಡುಕುತ್ತಾಳೆ, ಅದು ನಮಾಜಿನ ಸಾಲಿನಲ್ಲಿ ಸಿಗುತ್ತದೆ.

ಈ ಕಾದಂಬರಿಯ ಕೊನೆ ನನಗೆ ಇಷ್ಟ ಇಲ್ಲ. ನಜ್ವಾ ತನಗಿಂತ ಚಿಕ್ಕ ಹುಡುಗನ ಪ್ರೀತಿಯನ್ನು ಬಿಟ್ಟುಕೊಟ್ಟು, ಅವನ ಮನೆಯವರು ಕೊಟ್ಟ ದುಡ್ಡು ತೆಗೆದುಕೊಂಡು ಹಜ್ ಯಾತ್ರೆಯ ಕಡೆ ಮುಖ ಮಾಡುತ್ತಾಳೆ. ಅವಳು ಇನ್ನೂ ಜಾಸ್ತಿ ಕೇಳಬೇಕಿತ್ತು, ಜಗಳ ಆಡಬೇಕಿತ್ತು ಅಂತ ನನಗನ್ನಿಸುತ್ತದೆ. ಆದರೆ ಇಷ್ಟವಾಗದ ಆ ಕೊನೆಯೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನನಗೆ ಬೇಕಾದ ಬಿಡುಗಡೆಯೇ ಅವಳಿಗೂ ಬೇಕು ಅಂತ ನಾನು ಹೇಗೆ ತೀರ್ಮಾನ ಮಾಡಲಿ? ನಮ್ಮ ರಾಜ್ಯದಲ್ಲಿ 2022ರಲ್ಲಿ ಕಾಲೇಜಿನ ಗೇಟಿನ ಹೊರಗೆ ಹುಡುಗಿಯರು ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಅವರ ತಲೆಯ ಮೇಲಿನ ಬಟ್ಟೆಯ ಬಗ್ಗೆ ಮಾತಾಡದವರೇ ಇರಲಿಲ್ಲ. ಆ ಬಟ್ಟೆಯ ಒಳಗಿರುವ ಹುಡುಗಿ ಕನ್ನಡಿಯ ಮುಂದೆ ಒಬ್ಬಳೇ ನಿಂತಾಗ ಏನು ಯೋಚಿಸುತ್ತಾಳೆ ಅಂತ ಬರೆದ ಪುಸ್ತಕ ಆಗ ನಮ್ಮ ಕೈಯಲ್ಲಿ ಇರಬೇಕಿತ್ತು.

ಅಬುಲೇಲಾ ಅವರ ಮೊದಲ ಕಾದಂಬರಿ 'ದ ಟ್ರಾನ್ಸ್‌ಲೇಟರ್' ಇನ್ನೂ ಮೆದುವಾದದ್ದು. ಸಮರ್ ಅನ್ನುವ ಸುಡಾನಿನ ವಿಧವೆ ಅಬರ್ಡೀನಿನಲ್ಲಿ ಅನುವಾದಕಿ. ಇಸ್ಲಾಮಿನ ಬಗ್ಗೆ ಸಂಶೋಧನೆ ಮಾಡುವ, ಆದರೆ ಏನನ್ನೂ ನಂಬದ ಸ್ಕಾಟಿಷ್ ಪ್ರೊಫೆಸರ್ ಮೇಲೆ ಪ್ರೀತಿ. ಅವನು ಧರ್ಮ ಒಪ್ಪದೆ ಮದುವೆ ಆಗುವಂತಿಲ್ಲ. ಅವನು ಮುಸ್ಲಿಂ ಆಗಲಿ ಅಂತ ಅವಳು ಪ್ರಾರ್ಥಿಸುತ್ತಾಳೆ. ಒಂದು ಹಂತದಲ್ಲಿ ಅವಳಿಗೆ ಗೊತ್ತಾಗುತ್ತದೆ, ತಾನು ಬೇಡಿಕೊಂಡದ್ದು ತನ್ನ ಸುಖಕ್ಕೆ, ಅವನ ಒಳಿತಿಗಲ್ಲ ಅಂತ. ಆಗ ಪ್ರಾರ್ಥನೆಯನ್ನೇ ತಿದ್ದಿಕೊಳ್ಳುತ್ತಾಳೆ. ಭಕ್ತಿಯೊಳಗೇ ಹೀಗೆ ತನ್ನನ್ನು ತಾನು ಜರಡಿ ಹಿಡಿಯುವುದು ವಚನಗಳನ್ನು ಓದಿ ಬೆಳೆದ ನಮಗೆ ಹೊಸದೇನಲ್ಲ. ಹಾಗಾಗಿ ಸಮರ್ ನಮಗೆ ಅರ್ಥವಾಗುತ್ತಾಳೆ. ಅವಳ ಖಾರ್ಟೂಮ್ ಮಾತ್ರ ಈಗ ಹಾಗೆ ಉಳಿದಿಲ್ಲ. 2023ರ ಏಪ್ರಿಲ್‌ನಲ್ಲಿ ಶುರುವಾದ ಯುದ್ಧ ಆ ನಗರವನ್ನು ನುಂಗಿತು, ಲಕ್ಷಾಂತರ ಜನ ಮನೆ ಬಿಟ್ಟರು.

ನಮ್ಮ ನವ್ಯದವರು, ಬಂಡಾಯದವರು ಧರ್ಮದ ಜೊತೆ ದೊಡ್ಡ ಜಗಳ ಆಡಿದರು. ಆ ಜಗಳ ಬೇಕಿತ್ತು, ಈಗಲೂ ಬೇಕು. ಆದರೆ ಸುಮ್ಮನೆ ನಂಬಿಕೊಂಡು, ದಿನಾ ದೀಪ ಹಚ್ಚಿಕೊಂಡು, ಯಾರ ಮೇಲೂ ಕೈ ಎತ್ತದೆ ಬದುಕುವವರ ಒಳಗನ್ನು ನಮ್ಮ ಕಾದಂಬರಿ ಅಷ್ಟಾಗಿ ಹೊಕ್ಕು ನೋಡಲಿಲ್ಲ. ಹಾಗಾಗಿ ಅವರ ಪರವಾಗಿ ಮಾತಾಡುವ ಜಾಗ ಖಾಲಿ ಉಳಿಯಿತು. ಅಲ್ಲಿ ಈಗ ಯಾರು ಮೈಕ್ ಹಿಡಿದು ಕೂಗುತ್ತಿದ್ದಾರೆ ಅಂತ ನಾನು ಹೇಳಬೇಕಿಲ್ಲ. ಅಡೀಚಿ, ಅಬುಲೇಲಾ ಥರದವರು ನಂಬುವವರನ್ನೂ ಬಿಟ್ಟುಕೊಡುವುದಿಲ್ಲ, ನಂಬಿಕೆಯ ಹೆಸರಿನಲ್ಲಿ ನಡೆಯುವ ಕ್ರೌರ್ಯವನ್ನೂ ಮುಚ್ಚಿಡುವುದಿಲ್ಲ. ಅವರೇ ಬೇಕು ಅಂತ ನಾನು ಹಟ ಹಿಡಿಯಲು ಇದೇ ಕಾರಣ.

ಇನ್ನೊಂದು ಕಾರಣ ನೋವಿನದು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹರಿದು ಸ್ಥಳೀಯ ಹೆಂಗಸೊಬ್ಬರು ಸತ್ತರು. ಜನ ರೊಚ್ಚಿಗೆದ್ದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಎಳೆದು ಹೊಡೆದರು. ಅವರಿದ್ದ ಕಾರಿಗೂ ಬೆಂಕಿ ಹಚ್ಚಿದರು. ಆ ಹುಡುಗಿಗೂ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸುಡಾನಿಗೂ ತಾಂಜಾನಿಯಾಕ್ಕೂ ನಡುವೆ ಬೇರೆ ದೇಶಗಳೇ ಇವೆ. ಭಾಷೆ ಬೇರೆ, ಚರಿತ್ರೆ ಬೇರೆ. ಆ ಗುಂಪಿಗೆ ಕಂಡದ್ದು ಚರ್ಮದ ಬಣ್ಣ ಒಂದೇ. ಒಂದು ಕಾದಂಬರಿ ಅಂಥ ಗುಂಪನ್ನು ತಡೆಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಭಾಷೆಯಾಗಿ ಆ ಜನರ ಬಗ್ಗೆ ನಮ್ಮಲ್ಲಿ ಎಷ್ಟು ಕಡಿಮೆ ಮಾತಿದೆ, ಎಷ್ಟು ಕಡಿಮೆ ಹೆಸರುಗಳಿವೆ ಅಂತ ಅವತ್ತು ನನಗೆ ಗೊತ್ತಾಯಿತು.

ಆ ತಾಂಜಾನಿಯಾದ ಲೇಖಕ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹುಟ್ಟಿದ್ದು 1948ರಲ್ಲಿ, ಜಾಂಜಿಬಾರ್ ದ್ವೀಪದಲ್ಲಿ. 1964ರ ಕ್ರಾಂತಿಯ ನಂತರ ಅರಬ್ ಮೂಲದವರ ಮೇಲೆ ದಬ್ಬಾಳಿಕೆ ಶುರುವಾಯಿತು. ಆ ದಶಕದ ಕೊನೆಗೆ ಹುಡುಗ ಗುರ್ನಾ ಇಂಗ್ಲೆಂಡಿಗೆ ಓಡಿದರು. ಅವರ ಕಾದಂಬರಿಗಳಲ್ಲಿ ನಮ್ಮವರು ಕಾಣುತ್ತಾರೆ. ಹಿಂಗಾರಿನ ಗಾಳಿ ಹಿಡಿದು ಹಾಯಿಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯಿಂದ ಹೋದ ವ್ಯಾಪಾರಿಗಳು, ಸಾಲ ಕೊಡುವವರು, ಅಂಗಡಿಯವರು. 'ಪ್ಯಾರಡೈಸ್' ಕಾದಂಬರಿಯಲ್ಲಿ ಕಾಲಾಸಿಂಗ ಅಂತ ಒಬ್ಬ ಸಿಖ್ ಮೆಕ್ಯಾನಿಕ್ ಬರುತ್ತಾನೆ. ಕುರಾನನ್ನು ಸ್ವಾಹಿಲಿಗೆ ಅನುವಾದ ಮಾಡಬೇಕು ಅನ್ನುವುದು ಅವನ ಕನಸು. ಅವನ ಮುಸ್ಲಿಂ ಗೆಳೆಯರು ಅವನನ್ನು ಕಾಲೆಳೆಯುತ್ತಾರೆ. ಬೇರೆ ಬೇರೆ ಧರ್ಮದವರು ಒಂದೇ ಜಗಲಿಯಲ್ಲಿ ಕೂತು ಸ್ವರ್ಗ ಹೇಗಿರುತ್ತದೆ ಅಂತ ವಾದ ಮಾಡುವ ಪುಟಗಳಿವೆ ಅಲ್ಲಿ. ಒಬ್ಬರೂ ಎದ್ದು ಹೋಗುವುದಿಲ್ಲ.

ಆ ಪುಸ್ತಕದ ನಾಯಕ ಯೂಸುಫ್. ಅಪ್ಪನ ಸಾಲಕ್ಕೆ ಒತ್ತೆಯಾಗಿ 12ನೇ ವಯಸ್ಸಿಗೆ ವ್ಯಾಪಾರಿಯ ಜೊತೆ ಹೊರಟವನು. ಯಜಮಾನನ ಹೆಂಡತಿ ಅವನನ್ನು ಹಿಡಿಯಲು ಹೋದಾಗ ಅಂಗಿ ಬೆನ್ನಿನ ಕಡೆ ಹರಿಯುತ್ತದೆ. ಕುರಾನ್ ಓದಿದವರಿಗೂ, ಬೈಬಲ್ ಓದಿದವರಿಗೂ ಆ ಯೂಸುಫ್, ಆ ಯೋಸೇಫ ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಗುರ್ನಾ ಹಳೆಯ ಕಥೆಯನ್ನು ಎತ್ತಿಕೊಂಡು, ಅದರಲ್ಲಿ ಬಂದ ಬಿಡುಗಡೆಯನ್ನು ಮಾತ್ರ ತೆಗೆದುಬಿಡುತ್ತಾರೆ.

'ಬೈ ದ ಸೀ' ಕಾದಂಬರಿಯ ಮೊದಲ ಪುಟಗಳೂ ಹಾಗೇ ಎದೆಗೆ ನಾಟುತ್ತವೆ. ಸಾಲೇಹ್ ಒಮರ್ ಅನ್ನುವ ವಯಸ್ಸಾದ ಮನುಷ್ಯ ಬೇರೆ ಹೆಸರಿನ ಪಾಸ್‌ಪೋರ್ಟ್ ಹಿಡಿದು ಲಂಡನ್ ಹತ್ತಿರದ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಳಿದಿದ್ದಾನೆ. ಇಂಗ್ಲಿಷ್ ಬಂದರೂ ಬರುವುದಿಲ್ಲ ಅನ್ನುವ ಹಾಗಿದ್ದಾನೆ. ಅವನ ಚೀಲದಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಊದಿನ ಧೂಪ. ಒಂದು ಕಾಲದ ಅವನ ಅಂಗಡಿಯಿಂದ, ಅವನ ಬದುಕಿನಿಂದ ಉಳಿದದ್ದು ಅಷ್ಟು. ಅಧಿಕಾರಿ ಪೆಟ್ಟಿಗೆ ತೆಗೆದು ಮೂಸಿ ನೋಡುತ್ತಾನೆ, ಆಮೇಲೆ ಅದನ್ನು ತಾನೇ ಇಟ್ಟುಕೊಳ್ಳುತ್ತಾನೆ. ಆ ಅಧಿಕಾರಿಯ ಅಪ್ಪ ಅಮ್ಮನೂ ರುಮೇನಿಯಾದಿಂದ ಓಡಿಬಂದ ನಿರಾಶ್ರಿತರೇ. ಆದರೆ ಅವರು ಯುರೋಪಿನವರು, ಮನೆಯವರೇ ಅಂತ ಅವನ ಲೆಕ್ಕ. ಯಾರು ಮನೆಯವರು, ಯಾರು ಹೊರಗಿನವರು ಅನ್ನುವ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಚಿತ್ರ ನಾನು ಬೇರೆ ಕಡೆ ಓದಿಲ್ಲ.

ಆಫ್ರಿಕಾ ನಮಗೆ ದೂರ ಅನ್ನುವವರಿಗೆ ಒಂದು ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ. ಅವರ ಪೂರ್ವಿಕರಲ್ಲಿ ಹಲವರನ್ನು ಗುಲಾಮರಾಗಿ ಹಡಗಿನಲ್ಲಿ ತಂದರು, ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಇದ್ದಾರೆ. ಒಂದೇ ಸಮುದಾಯದಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಇದ್ದಾರೆ. ಹಿರಿಯರ ಪೂಜೆ ಮಾತ್ರ ಮೂರೂ ಕಡೆ ಉಳಿದುಕೊಂಡಿದೆ. ಕೊಂಕಣಿ, ಕನ್ನಡ ಆಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರು ಕನ್ನಡಿಗರು. ಆದರೂ ಬೆಂಗಳೂರಿಗೆ ಓದಲು, ದುಡಿಯಲು ಬಂದ ಸಿದ್ದಿ ಹುಡುಗರಿಗೆ ಯಾವ ದೇಶ ಅಂತ ಕೇಳುವವರು ಈಗಲೂ ಇದ್ದಾರೆ. ಪೂರ್ವ ಆಫ್ರಿಕಾದ ಕರಾವಳಿಯ ಕಾದಂಬರಿ ಕನ್ನಡಕ್ಕೆ ಬಂದರೆ ಅದನ್ನು ಮೊದಲು ಓದಬೇಕಾದವರು, ಅದರ ಬಗ್ಗೆ ಮೊದಲು ಮಾತಾಡಬೇಕಾದವರು ಅವರು. ಅವರಿಗೆ ಏನನ್ನಿಸುತ್ತದೆ ಅಂತ ನಾನು ಊಹಿಸಿ ಬರೆಯುವುದಿಲ್ಲ.

ಇನ್ನು ಕೆಲವರನ್ನು ಬೇಗ ಹೇಳಿ ಮುಗಿಸುತ್ತೇನೆ. ಉತ್ತರ ನೈಜೀರಿಯಾದ ಅಬೂಬಕರ್ ಆದಮ್ ಇಬ್ರಾಹಿಂ ಬರೆದ 'ಸೀಸನ್ ಆಫ್ ಕ್ರಿಮ್ಸನ್ ಬ್ಲಾಸಮ್ಸ್' 2016ರಲ್ಲಿ ಆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿ ಗೆದ್ದಿತು. 55 ವರ್ಷದ ವಿಧವೆ, ಹಜ್ ಮಾಡಿ ಬಂದ ಬಿಂತಾ. ಕಳ್ಳತನಕ್ಕೆ ಗೋಡೆ ಹಾರಿ ಬಂದ ಹುಡುಗನಲ್ಲಿ ಸತ್ತ ಮಗನ ಮುಖ ಕಾಣುತ್ತದೆ, ಆಮೇಲೆ ಬೇರೇನೋ ಹುಟ್ಟುತ್ತದೆ. ಚೊಚ್ಚಲ ಮಗನನ್ನು ಹೆಸರು ಹಿಡಿದು ಕರೆಯಬಾರದು, ಮುದ್ದು ಮಾಡಬಾರದು ಅನ್ನುವ ಅಲ್ಲಿನ ಕಟ್ಟುಪಾಡು ಅವಳನ್ನು ಜೀವನಪೂರ್ತಿ ಸುಟ್ಟಿದೆ. ಒಬ್ಬ ಗಂಡಸು, ಅದೂ ಆ ಸಮಾಜದ ಒಳಗಿದ್ದುಕೊಂಡೇ, ವಯಸ್ಸಾದ ಹೆಂಗಸಿನ ಆಸೆಯನ್ನು ಇಷ್ಟು ಗೌರವದಿಂದ ಬರೆದದ್ದು ನನಗೆ ದೊಡ್ಡದು ಅನ್ನಿಸುತ್ತದೆ.

ಸೆನೆಗಲ್‌ನ ಮೊಹಮ್ಮದ್ ಎಂಬುಗರ್ ಸಾರ್ 31ನೇ ವಯಸ್ಸಿಗೆ, 2021ರಲ್ಲಿ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ ಪಡೆದರು. ಅದಕ್ಕೂ ಮೊದಲು ಬರೆದ ಒಂದು ಕಾದಂಬರಿಯಲ್ಲಿ, ಸಲಿಂಗಕಾಮಿ ಅನ್ನುವ ಅನುಮಾನಕ್ಕೆ ಒಬ್ಬನ ಹೆಣವನ್ನು ಮುಸ್ಲಿಂ ಸ್ಮಶಾನದಿಂದ ಅಗೆದು ಹೊರಗೆಳೆಯುವ ವಿಡಿಯೊವನ್ನು ಒಬ್ಬ ಮೇಷ್ಟ್ರು ನೋಡುತ್ತಾನೆ. ಸತ್ತ ಮೇಲೂ ಊರಿನ ಮಣ್ಣಿನಲ್ಲಿ ಜಾಗ ಇಲ್ಲದವನು ಯಾರು ಅಂತ ಹುಡುಕಿಕೊಂಡು ಹೊರಡುತ್ತಾನೆ. ಪ್ರಶಸ್ತಿ ಬಂದ ಮೇಲೆ ಸ್ವಂತ ದೇಶದಲ್ಲೇ ಈ ಪುಸ್ತಕಕ್ಕಾಗಿ ಸಾರ್ ಬೈಸಿಕೊಂಡರು. ಘಾನಾದಲ್ಲಿ ಹುಟ್ಟಿ ಅಮೆರಿಕದ ಅಲಬಾಮಾದಲ್ಲಿ ಬೆಳೆದ ಯಾ ಜ್ಯಾಸಿ, 'ಟ್ರಾನ್ಸೆಂಡೆಂಟ್ ಕಿಂಗ್‌ಡಮ್' ಕಾದಂಬರಿಯಲ್ಲಿ ಮಿದುಳಿನ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಬಾಲ್ಯದ ದೇವರನ್ನು ಪ್ರಯೋಗಾಲಯದಲ್ಲೂ ಬಿಡಲಾಗದೆ ಒದ್ದಾಡುವುದನ್ನು ಬರೆದಿದ್ದಾರೆ. ಅಕ್ವೇಕೆ ಎಮೆಜಿ ಅವರ ತಂದೆ ನೈಜೀರಿಯಾದ ಇಗ್ಬೊ ಜನಾಂಗದವರು, ತಾಯಿ ಮಲೇಷ್ಯಾದ ತಮಿಳು ಮನೆತನದವರು. ಅವರ 'ಫ್ರೆಶ್‌ವಾಟರ್' ನನಗೆ ಕಷ್ಟವಾದ ಪುಸ್ತಕ. ಮೈಯೊಳಗೆ ದೈವಗಳು ಹೊಕ್ಕು ಅವೇ ಕಥೆ ಹೇಳುತ್ತವೆ. ಭೂತದ ಕೋಲ ನೋಡಿದ ಕರಾವಳಿಯ ಓದುಗರು ನನಗಿಂತ ಚೆನ್ನಾಗಿ ಒಳಗಿಳಿಯಬಹುದು. ಮೊದಲ ಪಟ್ಟಿಗೆ ಬೇಡ, ಎರಡನೆಯದಕ್ಕೆ ಇರಲಿ.

ನೀವು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. ಮಾರಾಟ ಆಗುವುದಿಲ್ಲ. ಹಕ್ಕು ಕೇಳಿದರೆ ವಿದೇಶಿ ಏಜೆಂಟರು ಡಾಲರ್ ಲೆಕ್ಕದಲ್ಲಿ ಮಾತಾಡುತ್ತಾರೆ. ಓದುವವರು ಇಂಗ್ಲಿಷಿನಲ್ಲೇ ಓದಿಕೊಳ್ಳುತ್ತಾರೆ.

ಕೊನೆಯದನ್ನು ಮೊದಲು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಓದಿಕೊಳ್ಳುವವರು ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಇದ್ದಾರೆ. ನನ್ನ ತರಗತಿಯಲ್ಲಿ ಇಲ್ಲ. ಕನ್ನಡದಲ್ಲಿ ಕೊಟ್ಟರೆ ರಾತ್ರಿ ಕೂತು ಓದಿ ಮುಗಿಸುವ, ಇಂಗ್ಲಿಷಿನಲ್ಲಿ ಕೊಟ್ಟರೆ ಮೂರನೇ ಪುಟಕ್ಕೆ ಮುಚ್ಚಿಡುವ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಹಕ್ಕಿನ ವಿಷಯ ನಿಜ. ಆದರೆ ಚಿಕ್ಕ ಭಾಷೆಯ, ಚಿಕ್ಕ ಮುದ್ರಣದ ಪ್ರಕಾಶಕರಿಗೆ ಮುಂಗಡ ಕಡಿಮೆ ಮಾಡಿಕೊಡುವ ಏಜೆಂಟರಿದ್ದಾರೆ. ಕೇಳಬೇಕು, ಕಾಗದ ಬರೆಯಬೇಕು. ಒಬ್ಬರಿಗೆ ಹೊರೆಯಾದರೆ ಇಬ್ಬರು ಪ್ರಕಾಶಕರು ಸೇರಿ ಮಾಡಿ. ಸರ್ಕಾರದ ಅನುವಾದ ಯೋಜನೆಗಳು ಹಳೆಯ ಶ್ರೇಷ್ಠ ಕೃತಿಗಳ ಜೊತೆಗೆ ಬದುಕಿರುವ ಲೇಖಕರಿಗೂ ಒಂದಿಷ್ಟು ಹಣ ತೆಗೆದಿಡಲಿ. ಗ್ರಂಥಾಲಯ ಖರೀದಿಯಲ್ಲಿ ಅಂಥ ಪುಸ್ತಕಗಳನ್ನು ಹಿಂದೆ ಹಾಕದಿರಲಿ.

ಮಾರಾಟದ ಬಗ್ಗೆ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆದರೆ ಈ ಪುಸ್ತಕಗಳಲ್ಲಿ ಅಪ್ಪ ಇದ್ದಾನೆ, ಅತ್ತೆ ಇದ್ದಾಳೆ, ಸಾಲ ಇದೆ, ಮದುವೆಯ ತಕರಾರು ಇದೆ, ಹಬ್ಬದ ಅಡುಗೆ ಇದೆ. ಕನ್ನಡದ ಓದುಗರು ಎಂದಾದರೂ ಇವುಗಳಿಂದ ದೂರ ಓಡಿದ್ದಾರಾ?

ಒಂದು ಎಚ್ಚರಿಕೆ ಮಾತ್ರ ಇರಲಿ. ಅನುವಾದಕರನ್ನು ಹುಡುಕುವಾಗ ನಿಮಗೆ ಈಗಾಗಲೇ ಗೊತ್ತಿರುವ ನಾಲ್ಕೈದು ಹೆಸರುಗಳ ಆಚೆ ಹೋಗಿ. ಅಬುಲೇಲಾ ಪುಸ್ತಕವನ್ನು ಉರ್ದು ಅಥವಾ ಬ್ಯಾರಿ ಮನೆಮಾತಿನ, ಕನ್ನಡದಲ್ಲಿ ಬರೆಯುವ ಹುಡುಗಿಯೊಬ್ಬಳಿಗೆ ಕೊಡಿ. ಅಡೀಚಿಯನ್ನು ಮಂಗಳೂರಿನ ಕಥೊಲಿಕ್ ಮನೆಯಲ್ಲಿ ಬೆಳೆದವರು ಮಾಡಲಿ. ಬೆಳಗಿನ ನಮಾಜಿಗೆ ಏಳುವ ಮನೆಯ ಸದ್ದು, ಸಂಜೆಯ ಜಪಸರಕ್ಕೆ ಮಂಡಿಯೂರಿ ಕೂತ ಮಗುವಿನ ಬೇಸರ ಅವರಿಗೆ ನಿಘಂಟು ನೋಡದೆ ಗೊತ್ತಿರುತ್ತದೆ. ಅವರಿಗೆ ತಕ್ಕ ಸಂಭಾವನೆ ಕೊಡಿ, ಮುಖಪುಟದಲ್ಲಿ ಹೆಸರು ಹಾಕಿ.

ಯಾವುದು ಮೊದಲು ಅಂತ ಕೇಳಿದರೆ 'ಮಿನರೆಟ್', ಆಮೇಲೆ 'ಪರ್ಪಲ್ ಹೈಬಿಸ್ಕಸ್', ಆಮೇಲೆ 'ಪ್ಯಾರಡೈಸ್'. ಮೂರರ ಹಕ್ಕೂ ಬೇರೆಯವರ ಬಳಿ ಇದ್ದರೆ ಅವರ ಜೊತೆ ಮಾತಾಡಿ, ಅದೇ ಲೇಖಕರ ಇನ್ನೊಂದು ಪುಸ್ತಕ ನೋಡಿ. ಬಂದ ಪುಸ್ತಕದ ಕೆಲವು ಪ್ರತಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಗ್ರಂಥಾಲಯಗಳಿಗೆ ತಪ್ಪದೆ ಹೋಗಲಿ. ಕರಡು ಓದಿ ತಿದ್ದುವ ಕೆಲಸಕ್ಕೆ ಸಂಬಳ ಇಲ್ಲದೆ ನಾನು ಬರುತ್ತೇನೆ, ನನ್ನಂಥ ಇನ್ನೂ ಕೆಲವು ಮೇಷ್ಟ್ರುಗಳನ್ನು ಕರೆತರುತ್ತೇನೆ. ನಿಮ್ಮಲ್ಲಿ ಯಾರು ಯಾವ ಪುಸ್ತಕಕ್ಕೆ ಕೈ ಹಾಕುತ್ತೀರಿ ಅಂತ ತಿಳಿಸಿ.

ಇಂತಿ,
ನಿಮ್ಮ ಪುಸ್ತಕಗಳನ್ನು ಕೊಂಡು ಓದುವ ಒಬ್ಬ ಮೇಡಂ